ಬಿಂದಿಗೆ ಕರಗಿದರೂ ಬಂಗಾರ ಉಳಿಯುತ್ತದೆ

1974ರಲ್ಲಿ ಕಾರ್ಕಳ ತಾಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿ ಹೊರಬಂದ ಮೂವತ್ತೆಂಟು ಮಂದಿಯಲ್ಲಿ ನಾನೂ ಒಬ್ಬ. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ 1973ರ ನವೆಂಬರ್ ತಿಂಗಳಲ್ಲಿ ನಾವೆಲ್ಲ ಅದೇ ತರಗತಿಯ ಬೆಂಚುಗಳಲ್ಲಿ ಕುಳಿತಿದ್ದೆವು. ಆ ಬಳಿಕ ಕೆಲವರು ಮುಂಬಯಿಯ ಹೋಟೆಲುಗಳಿಗೆ, ಕೆಲವರು ಬ್ಯಾಂಕುಗಳಿಗೆ, ಕೆಲವರು ಕೊಲ್ಲಿ ದೇಶಗಳಿಗೆ ಹೋದರು. ಗದ್ದೆ ತೋಟಗಳಲ್ಲಿಯೇ ಉಳಿದವರೂ ಉಂಟು. ನಾನು ಬಿ.ಎಡ್. ಮುಗಿಸಿ ಅಧ್ಯಾಪಕನಾದೆ, ನಿವೃತ್ತಿಯ ಅನಂತರ ಮೂಡುಬಿದಿರೆಯಲ್ಲಿ ನೆಲೆಸಿದ್ದೇನೆ.

ಉತ್ಸಾಹಿಯಾದ ಸಹಪಾಠಿಯೊಬ್ಬರು ಎಲ್ಲರನ್ನೂ ಹುಡುಕಿ ವಾಟ್ಸ್‌ಆ್ಯಪ್ ಗುಂಪೊಂದರಲ್ಲಿ ಸೇರಿಸಿದರು. ಐವತ್ತು ವರ್ಷ ತುಂಬಿದ ಸಂಭ್ರಮಕ್ಕೆಂದು 2024ರ ಮೇ ತಿಂಗಳ ಒಂದು ಭಾನುವಾರ ಒಟ್ಟುಗೂಡುವುದೆಂದು ನಿಶ್ಚಯವಾಯಿತು. ಆ ಸುದ್ದಿ ಬಂದ ದಿನದಿಂದ ನನ್ನ ಮನಸ್ಸು ಹಿಂದಕ್ಕೇ ಓಡತೊಡಗಿತು. ಪ್ರತಿದಿನ ನನ್ನೊಡನೆ ಮೂರು ಮೈಲಿ ನಡೆದು ಬರುತ್ತಿದ್ದ ಗೆಳೆಯನೊಬ್ಬನಿದ್ದ. ಮಳೆಗಾಲದಲ್ಲಿ ತುಂಬಿ ಹರಿಯುವ ತೋಡಿನ ಮೇಲೆ ಅಡಕೆ ಮರದ ಸಂಕವನ್ನು ದಾಟುವಾಗ ನಾವಿಬ್ಬರೂ ಪರಸ್ಪರ ಕೈ ಹಿಡಿದುಕೊಳ್ಳುತ್ತಿದ್ದೆವು. ಆ ಕೈಯ ಹಿಡಿತ ಇನ್ನೂ ನನ್ನ ಅಂಗೈಯಲ್ಲಿದೆ ಎಂದು ನಾನು ನಂಬಿದ್ದೆ. ಅವನಿಗೆ ಹೇಳಬೇಕಾದ ಮಾತುಗಳನ್ನು ಮನದಲ್ಲೇ ಹೆಣೆದುಕೊಂಡೆ. ಸಭೆಯಲ್ಲಿ ಓದಲು ನಾಲ್ಕು ಪುಟದ ಭಾಷಣವನ್ನೂ ಬರೆದುಕೊಂಡೆ.

ಆ ದಿನ ನಡೆದುದನ್ನು ಉತ್ಪ್ರೇಕ್ಷೆಯಿಲ್ಲದೆ ಹೇಳುತ್ತೇನೆ. ಸಭಾಭವನದ ಬಾಗಿಲಲ್ಲಿ ಗುಲಾಬಿ ಹೂ ಕೊಟ್ಟು ಬರಮಾಡಿಕೊಂಡರು. ಒಳಗೆ ಹೋಗುವಷ್ಟರಲ್ಲಿಯೇ ಗುಂಪುಗಳಾಗಿದ್ದವು. ಮುಂಬಯಿಯವರು ಮುಂಬಯಿಯವರೊಡನೆ, ಬ್ಯಾಂಕಿನವರು ಬ್ಯಾಂಕಿನವರೊಡನೆ ಕುಳಿತಿದ್ದರು. ಮಾತೆಲ್ಲ ಜಾಗದ ಬೆಲೆ, ಮೊಣಕಾಲಿನ ಶಸ್ತ್ರಚಿಕಿತ್ಸೆ ಮತ್ತು ಅಮೆರಿಕದಲ್ಲಿರುವ ಮಕ್ಕಳ ಕುರಿತೇ ಆಗಿತ್ತು. ನಮಗೆ ಕಲಿಸಿದ ಗುರುಗಳಲ್ಲಿ ಬದುಕಿರುವ ಒಬ್ಬರನ್ನು ಕಾರಿನಲ್ಲಿ ಕರೆತಂದಿದ್ದರು. ಅವರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿಯಿತ್ತು, ಚಿತ್ರ ತೆಗೆದಾದ ಮೇಲೆ ಯಾರೂ ಅವರ ಬಳಿ ಕುಳಿತುಕೊಳ್ಳಲಿಲ್ಲ. ಅನಂತರ ಅಗಲಿದ ಏಳು ಮಂದಿ ಸಹಪಾಠಿಗಳ ಹೆಸರುಗಳನ್ನು ಓದಿ ಒಂದು ನಿಮಿಷದ ಮೌನವನ್ನು ಆಚರಿಸಿದರು. ಅದರ ನಡುವೆ ಯಾರದೋ ಮೊಬೈಲು ಹಾಡಿತು.

ನನ್ನ ಗೆಳೆಯ ಬಂದಿದ್ದ. ತಲೆ ಬೋಳಾಗಿತ್ತು, ಕೊರಳಲ್ಲಿ ದಪ್ಪನೆಯ ಸರವಿತ್ತು. ನಾನು ಹೆಸರು ಹೇಳಿಕೊಂಡು ಎದುರು ನಿಂತಾಗ ಒಂದು ಕ್ಷಣ ನೋಡಿ, "ಓ, ನೀನಾ! ಎಲ್ಲಿದ್ದಿ ಈಗ? ಎಂಥ ಮಾಡಿಕೊಂಡಿದ್ದಿ?" ಎಂದು ಕೇಳಿದ. ಮಾಷ್ಟ್ರಾಗಿದ್ದೆ, ಈಗ ನಿವೃತ್ತನೆಂದೆ. "ಒಳ್ಳೆಯದಾಯಿತು ಮಾರಾಯ, ಪೆನ್ಶನ್ ಉಂಟಲ್ಲ," ಎಂದವನು ನನ್ನ ಭುಜದ ಮೇಲಿನಿಂದ ಬೇರೆ ಯಾರನ್ನೋ ಕರೆದು ಆಚೆಗೆ ಹೋದ. ಸಂಕದ ಮಾತು ನನ್ನ ಬಾಯಲ್ಲಿಯೇ ಉಳಿಯಿತು.

ಊಟದಲ್ಲಿ ಬಟಾಟೆ ಪಲ್ಯ, ನೀರುಳ್ಳಿ ಹಾಕಿದ ಸಾಂಬಾರು. ನಾನು ಅನ್ನ ಮೊಸರಿನಲ್ಲಿ ಮುಗಿಸಿದೆ. "ಬಟಾಟೆಯಲ್ಲಿ ಎಂಥ ಪಾಪ ಉಂಟು ಮಾರಾಯ?" ಎಂದು ಪಕ್ಕದವರೊಬ್ಬರು ನಕ್ಕರು. ನಾನು ಕಂದಮೂಲಗಳ ಅನಂತ ಜೀವರಾಶಿಯ ಕುರಿತು ಸಾಕಷ್ಟು ದೀರ್ಘವಾಗಿಯೇ ವಿವರಿಸಿದೆ. ಅವರು ತಲೆಯಾಡಿಸುತ್ತ ಪಾಯಸ ಬಡಿಸಿಕೊಂಡರು. ಊಟದ ಬಳಿಕ ನನ್ನ ಭಾಷಣದ ಸರದಿ. ಮೊದಲ ಪುಟ ಮುಗಿಯುವ ಮೊದಲೇ ನಿರೂಪಕರು, "ಸಮಯದ ಅಭಾವ ಉಂಟು ಮಾಷ್ಟ್ರೇ," ಎಂದರು. ಚಪ್ಪಾಳೆ ತಟ್ಟಿದರು. ಕೆಳಗಿಳಿದೆ.

ಆಗ ಹಿಂದಿನ ಸಾಲಿನಿಂದ ಬಿಳಿ ಅಂಗಿಯ ಒಬ್ಬರು ಎದ್ದು ಬಂದರು. ಬೆಳಗಿನಿಂದ ಅವರು ಯಾರೊಡನೆಯೂ ಮಾತನಾಡಿದ್ದನ್ನು ಕಂಡಿರಲಿಲ್ಲ. ಹೆಸರು ಹೇಳಿದರು, ನನಗೆ ಗುರುತು ಹತ್ತಲಿಲ್ಲ. ಒಂದೇ ತರಗತಿಯವರಾದರೂ ನನ್ನನ್ನು ಬಹುವಚನದಲ್ಲಿ ಮಾತನಾಡಿಸಿ, "ನಿಮ್ಮ ಕೈವಾರದ ಸಂಗತಿ ನೆನಪುಂಟಾ?" ಎಂದು ಕೇಳಿದರು. ಅಷ್ಟರಲ್ಲಿ ಗುಂಪುಚಿತ್ರಕ್ಕೆ ಕರೆ ಬಂತು. "ನೆನಪುಂಟು, ನೆನಪುಂಟು," ಎಂದು ಅವರ ಕೈ ಕುಲುಕಿ, ಮುಂದಿನ ಸಾಲಿನಲ್ಲಿ ಜಾಗ ಸಿಗುವಂತೆ ಬೇಗನೆ ನಡೆದೆ.

ಹಿಂತಿರುಗುವಾಗ ಕಾರ್ಕಳದಲ್ಲಿ ಬಸ್ಸು ಬದಲಿಸಬೇಕಿತ್ತು. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ 42 ಅಡಿಯ ಗೊಮ್ಮಟ ಬೆಟ್ಟದ ಮೇಲೆ ಎಂದಿನಂತೆ ನಿಂತಿದ್ದ. ಬಾಹುಬಲಿಯ ಕಥೆಯನ್ನು ನಮ್ಮ ಹಿರಿಯರು ಹೇಳುತ್ತಿದ್ದ ಬಗೆ ನೆನಪಾಯಿತು. ರಾಜ್ಯವನ್ನು ಬಿಟ್ಟರು, ಅನ್ನ ನೀರು ಬಿಟ್ಟರು, ಮೈಮೇಲೆ ಬಳ್ಳಿ ಹಬ್ಬಿದರೂ ಕದಲದೆ ನಿಂತರು. ಆದರೂ ತಾನು ನಿಂತಿರುವುದು ಅಣ್ಣ ಭರತನ ನೆಲದ ಮೇಲೆ ಎಂಬ ಒಂದು ಸಣ್ಣ ಶಲ್ಯ ಒಳಗೆ ಉಳಿದಿದ್ದರಿಂದ ಕೇವಲಜ್ಞಾನ ತಡೆದು ನಿಂತಿತು. ಶಲ್ಯವೆಂದರೆ ಮುಳ್ಳು. ಅಂಥ ಮಹಾತಪಸ್ವಿಯನ್ನೇ ಒಂದು ಮುಳ್ಳು ತಡೆಯಿತೆಂದಾದರೆ, ಮೂರು ಗಂಟೆಯ ಒಂದು ಸಭೆಯಿಂದ ಇಷ್ಟು ನೋಯುತ್ತಿರುವ ನನ್ನೊಳಗೆ ಚುಚ್ಚುತ್ತಿರುವುದೇನು?

ಮನೆ ತಲುಪಿದಾಗ ಸೂರ್ಯಾಸ್ತವಾಗಿತ್ತು. ರಾತ್ರಿಭೋಜನ ತ್ಯಾಗವಿರುವುದರಿಂದ ಕೈಕಾಲು ತೊಳೆದು ನೇರವಾಗಿ ಸಾಮಾಯಿಕಕ್ಕೆ ಕುಳಿತೆ. ಮನಸ್ಸು ನಿಲ್ಲಲಿಲ್ಲ. ಅವರು ಹೀಗೆ ಮಾಡಿದರು, ಇವರು ಹಾಗೆಂದರು ಎಂಬ ದೂರುಗಳ ಪಟ್ಟಿಯೇ ಜಪಮಾಲೆಯಂತೆ ತಿರುಗಿತು. ಕಡೆಗೆ, ದೂರುವುದೇ ಆದರೆ ಶಾಸ್ತ್ರವನ್ನು ಮುಂದಿಟ್ಟುಕೊಂಡು ಕ್ರಮವಾಗಿ ದೂರೋಣವೆಂದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಬರುವ ಎಂಟು ಮದಗಳನ್ನು ನೆನೆದೆ. ಜ್ಞಾನ, ಪೂಜೆ, ಕುಲ, ಜಾತಿ, ಬಲ, ಋದ್ಧಿ, ತಪಸ್ಸು, ದೇಹ ಎಂಬ ಎಂಟನ್ನು ಆಶ್ರಯಿಸಿ ಮನುಷ್ಯನಿಗೆ ಸೊಕ್ಕು ಬರುತ್ತದೆಂದು ಆಚಾರ್ಯರು ಹೇಳುತ್ತಾರೆ. ಕೊರಳಿನ ಸರದವನದು ಋದ್ಧಿಮದವೆಂದು ಥಟ್ಟನೆ ಗುರುತಿಸಿದೆ. ಅಲ್ಲಿಂದ ಮುಂದೆ ಎಣಿಕೆ ನನ್ನ ಕಡೆಗೇ ತಿರುಗಿತು. ನಾಲ್ಕು ಪುಟದ ಭಾಷಣ ಯಾವ ಮದ? ಜ್ಞಾನಮದ. ಅದನ್ನು ಅರ್ಧಕ್ಕೆ ನಿಲ್ಲಿಸಿದಾಗ ಆದ ನೋವು? ನನಗೆ ಗೌರವ ಸಲ್ಲಲೇಬೇಕೆಂಬ ಪೂಜಾಮದ. ಬಟಾಟೆ ತಿನ್ನುವವರ ನಡುವೆ ಅನ್ನ ಮೊಸರು ಉಣ್ಣುತ್ತ ನಾನು ಮಾಡಿದ ಉಪನ್ಯಾಸ? ಅದು ತಪೋಮದ. ವ್ರತವನ್ನು ಪಾಲಿಸಿದ್ದೆ, ನಿಜ. ಅದನ್ನು ತಟ್ಟೆಯ ಪಕ್ಕದಲ್ಲಿ ಪ್ರದರ್ಶನಕ್ಕೂ ಇಟ್ಟಿದ್ದೆ. ಅವರಲ್ಲಿ ಒಂದನ್ನು ಕಂಡ ನಾನು ನನ್ನಲ್ಲಿ ಮೂರನ್ನು ಎಣಿಸಿದೆ.

ಆದರೂ ಗೆಳೆಯನ ವಿಷಯದ ನೋವು ಕರಗಲಿಲ್ಲ. ಅಲ್ಲಿ ನನಗೆ ಬೇಕಾಗಿದ್ದುದು ಗೌರವವಲ್ಲ, ಆ ಹಳೆಯ ಸ್ನೇಹ. ಅದನ್ನು ಬಯಸುವುದೂ ತಪ್ಪೇ? ಈ ಪ್ರಶ್ನೆಗೂ ಅದೇ ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ ಒಂದು ದೃಷ್ಟಾಂತವಿತ್ತಿದ್ದಾರೆ. ಅದನ್ನು ನಮ್ಮಲ್ಲಿ ಕಥೆಯಾಗಿ ಹೇಳುವುದು ಹೀಗೆ: ರಾಜನೊಬ್ಬನ ಬಳಿ ಬಂಗಾರದ ಬಿಂದಿಗೆಯಿತ್ತು. ಮಗಳಿಗೆ ಬಿಂದಿಗೆಯ ಮೇಲೆ ಆಸೆ, ಮಗನಿಗೆ ಕಿರೀಟದ ಆಸೆ. ಅಕ್ಕಸಾಲಿಗನು ಬಿಂದಿಗೆಯನ್ನು ಕರಗಿಸಿ ಕಿರೀಟ ಮಾಡಿದ. ಮಗಳು ಅತ್ತಳು, ಮಗ ಹಿಗ್ಗಿದ, ರಾಜ ಮಾತ್ರ ಅಳಲೂ ಇಲ್ಲ, ಹಿಗ್ಗಲೂ ಇಲ್ಲ. ಅವನು ನೋಡುತ್ತಿದ್ದುದು ಬಂಗಾರವನ್ನು. ಅದು ಮೊದಲೂ ಇತ್ತು, ಈಗಲೂ ಇದೆ. ಒಂದು ರೂಪ ಅಳಿಯುವುದು ವ್ಯಯ, ಇನ್ನೊಂದು ಹುಟ್ಟುವುದು ಉತ್ಪಾದ, ಎರಡರಲ್ಲಿಯೂ ಬಂಗಾರವಾಗಿಯೇ ಇರುವುದು ಧ್ರೌವ್ಯ. ಇರುವ ವಸ್ತುವೆಲ್ಲ ಈ ಮೂರರಿಂದ ಕೂಡಿದೆ ಎಂಬುದು ತತ್ತ್ವಾರ್ಥಸೂತ್ರದ ನಿರೂಪಣೆ.

ಇದನ್ನು ನಾನು ಎಷ್ಟೋ ಸಲ ಸ್ವಾಧ್ಯಾಯದಲ್ಲಿ ಓದಿದ್ದೇನೆ, ಇತರರಿಗೆ ವಿವರಿಸಿಯೂ ಇದ್ದೇನೆ. ನಮ್ಮ ಕಣ್ಣೆದುರಿನಲ್ಲಿಯೇ ಮೈಸೂರು ರಾಜ್ಯ ಕರ್ನಾಟಕವಾಯಿತು. 1997ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯಿಂದ ಉಡುಪಿ ಜಿಲ್ಲೆ ಬೇರೆಯಾಗಿ ನಮ್ಮ ಶಾಲೆಯ ಊರು ಹೊಸ ಜಿಲ್ಲೆಗೆ ಸೇರಿತು. ಹೆಸರು ಹೋಯಿತೆಂದು ನೆಲಕ್ಕಾಗಿ ಯಾರೂ ಅಳಲಿಲ್ಲ. ಆದರೆ ಗೆಳೆಯನ ವಿಷಯ ಬಂದಾಗ ನಾನು ಬಿಂದಿಗೆ ಬೇಕೆಂದು ಅಳುವ ಮಗಳಾದೆ. ಹದಿನಾರು ವರ್ಷದ ಹುಡುಗನೆಂಬ ಪರ್ಯಾಯ ಎಂದೋ ಕರಗಿಹೋಗಿದೆ. ಅವನು ಐವತ್ತು ವರ್ಷ ಪರವೂರಿನಲ್ಲಿ ದುಡಿದು, ಬಿದ್ದು ಎದ್ದು, ಬೇರೊಂದು ರೂಪ ತಾಳಿದ್ದಾನೆ. ಅವನು ಅದೇ ಗೆಳೆಯನೇ? ಒಂದು ದೃಷ್ಟಿಯಿಂದ ಹೌದು, ಇನ್ನೊಂದು ದೃಷ್ಟಿಯಿಂದ ಅಲ್ಲ. ಸ್ಯಾದ್ವಾದ ಕಲಿಸುವುದು ಇದನ್ನೇ. ಇಲ್ಲದ ಪರ್ಯಾಯವನ್ನು ಇಂದಿನ ಮನುಷ್ಯನಿಂದ ವಸೂಲು ಮಾಡಹೊರಟದ್ದು ನನ್ನ ಮೋಹ. ಇದು ಹೊಳೆದಾಗ ಮನಸ್ಸು ಸ್ವಲ್ಪ ಹಗುರವಾಯಿತು.

ಲೇಖನವನ್ನು ಇಲ್ಲಿಗೆ ಮುಗಿಸಿದ್ದರೆ ನನಗೂ ಹಿತವಾಗುತ್ತಿತ್ತು. ಆದರೆ ಅಂದು ಪ್ರತಿಕ್ರಮಣದಲ್ಲಿ ದಿನದ ದೋಷಗಳನ್ನು ನೆನೆಯುವಾಗ ಒಂದು ಮಾತು ಎದ್ದು ಬಂತು: "ನೆನಪುಂಟು, ನೆನಪುಂಟು." ಅದು ಸುಳ್ಳು. ಆ ಮನುಷ್ಯ ಯಾರೆಂಬುದೇ ನನಗೆ ತಿಳಿದಿರಲಿಲ್ಲ. ಸತ್ಯಾಣುವ್ರತವನ್ನು ಹೊತ್ತವನು ಒಂದು ಚಿತ್ರದಲ್ಲಿ ಮುಂದೆ ನಿಲ್ಲುವ ಸಲುವಾಗಿ ಸುಳ್ಳಾಡಿದ್ದೆ. ಗೆಳೆಯ ನನ್ನ ಭುಜದ ಮೇಲಿನಿಂದ ನೋಡಿದ್ದಕ್ಕೆ ನೊಂದವನು, ಅರ್ಧ ಗಂಟೆಯ ಅಂತರದಲ್ಲಿ ಇನ್ನೊಬ್ಬರಿಗೆ ಅದನ್ನೇ ಮಾಡಿದ್ದೆ.

ಎರಡು ದಿನಗಳ ಬಳಿಕ ಸಂಘಟಕರಿಂದ ಅವರ ದೂರವಾಣಿ ಸಂಖ್ಯೆ ಪಡೆದು ಕರೆ ಮಾಡಿದೆ. ಹಂಚಿನ ಕಾರ್ಖಾನೆಯಲ್ಲಿ ದುಡಿದು ಈಗ ಮನೆಯಲ್ಲಿದ್ದರು. "ಅಂದು ನಾನು ಸುಳ್ಳು ಹೇಳಿದೆ, ನನಗೆ ಏನೂ ನೆನಪಿಲ್ಲ. ಕ್ಷಮಿಸಿ, ಕೈವಾರದ ಸಂಗತಿಯೇನು?" ಎಂದು ಕೇಳಿದೆ. ಸ್ವಲ್ಪ ಹೊತ್ತು ಮೌನವಿತ್ತು. ಅನಂತರ ಅವರು ಹೇಳಿದರು: "ನಿಮ್ಮ ಕೈವಾರದ ಮುಳ್ಳು ಮುರಿದದ್ದು ನಾನು ಮಾಷ್ಟ್ರೇ. ಕೇಳದೆ ತೆಗೆದಿದ್ದೆ. ಹೇಳಲು ಹೆದರಿಕೆಯಾಯಿತು. ನೀವು ಅವನ ಹೆಸರು ಹೇಳಿದಿರಿ, ಅವನಿಗೆ ಪೆಟ್ಟು ಬಿತ್ತು. ನಾನು ಸುಮ್ಮನೆ ಕೂತೆ. ಅವತ್ತು ಸಭೆಯಲ್ಲಿ ಸತ್ತವರ ಹೆಸರು ಓದುವಾಗ ಅವನ ಹೆಸರು ಬಂತಲ್ಲ, ಆಮೇಲೆ ತಡೆಯಲಾಗಲಿಲ್ಲ. ನಿಮ್ಮಲ್ಲಾದರೂ ಹೇಳಬೇಕೆಂದು ಕಂಡಿತು."

ಆಗ ಎಲ್ಲವೂ ನೆನಪಾಯಿತು. ಹೊಸ ಕಂಪಾಸ್ ಪೆಟ್ಟಿಗೆ ತರಗತಿಯಲ್ಲಿ ನನ್ನ ಹೆಮ್ಮೆಯಾಗಿತ್ತು. ಮುಳ್ಳು ಮುರಿದುದನ್ನು ಕಂಡೊಡನೆ ನಾನು ನೋಡಿದ್ದು ಯಾರನ್ನು? ಹರಿದ ಅಂಗಿಯ, ಅಂಕ ಕಡಮೆಯ, ತನ್ನ ಪರವಾಗಿ ಮಾತನಾಡಲು ಬಾರದ ಹುಡುಗನನ್ನು. ಕಂಡವನಂತೆ ಅವನ ಹೆಸರು ಹೇಳಿದೆ. ನಾನು ಕಂಡಿರಲಿಲ್ಲ. ಗಣಿತದ ಮಾಷ್ಟ್ರು ಅವನ ಎರಡು ಅಂಗೈಗಳಿಗೂ ಬೆತ್ತದಿಂದ ಹೊಡೆದರು. ನಾನು ಅದನ್ನು ನ್ಯಾಯವೆಂದುಕೊಂಡು ಪಾಠ ಬರೆದುಕೊಂಡೆ. ಮೊನ್ನೆ ಅವನ ಹೆಸರು ಓದಿದಾಗಿನ ಮೌನದಲ್ಲಿಯೂ ನಾನು ಮೇಜಿನ ಕೆಳಗೆ ಭಾಷಣದ ಹಾಳೆಗಳನ್ನು ಜೋಡಿಸಿಕೊಳ್ಳುತ್ತಿದ್ದೆ.

ಬಂಗಾರದ ದೃಷ್ಟಾಂತದ ಇನ್ನೊಂದು ಮುಖ ಆಗ ಕಂಡಿತು. ಪರ್ಯಾಯ ಕಳೆದುಹೋಯಿತೆಂದು ಗೆಳೆಯನ ಬದಲಾವಣೆಯನ್ನು ಒಪ್ಪಿಕೊಳ್ಳುವುದು ಸುಲಭ. ಆದರೆ ಅದೇ ಮಾತಿನಿಂದ, ದೂರು ಹೇಳಿದ ಆ ಹುಡುಗ ಬೇರೆ, ಈ ಮುದುಕ ಬೇರೆ ಎನ್ನಲು ಬರುವುದಿಲ್ಲ. ಧ್ರೌವ್ಯವೆಂಬುದು ಅಲ್ಲಿಯೇ ಹಿಡಿಯುತ್ತದೆ. ದೂರು ಹೇಳಿದ ಜೀವ ನಾನೇ, ಅದರಿಂದ ಕಟ್ಟಿದ ಕರ್ಮ ನನ್ನದೇ. ಪರರ ವಿಷಯದಲ್ಲಿ ನಾವು ಧ್ರೌವ್ಯವನ್ನು ಬೇಡುತ್ತೇವೆ: ನೀನು ಹಳೆಯವನಾಗಿಯೇ ಇರು ಎನ್ನುತ್ತೇವೆ. ನಮ್ಮ ತಪ್ಪಿನ ವಿಷಯದಲ್ಲಿ ವ್ಯಯವನ್ನು ಆಶ್ರಯಿಸುತ್ತೇವೆ: ಅದು ಎಂದೋ ಮುಗಿದ ಕಥೆ ಎನ್ನುತ್ತೇವೆ. ಶಾಸ್ತ್ರ ಹೇಳುವುದು ಸರಿಯಾಗಿ ಇದರ ವಿರುದ್ಧ. ಪರರಲ್ಲಿ ಬದಲಾವಣೆಯನ್ನು ಮನ್ನಿಸಬೇಕು. ತನ್ನ ದೋಷಕ್ಕೆ ಮಾತ್ರ ತಾನು ಅದೇ ಮನುಷ್ಯನೆಂದು ನಿಲ್ಲಬೇಕು.

ನಾನು ಮೂವತ್ತಕ್ಕೂ ಹೆಚ್ಚು ವರ್ಷ ತರಗತಿಗಳಲ್ಲಿ ದೂರುಗಳನ್ನು ಕೇಳಿದವನು. ಮೊದಲು ಬಾಯಿ ತೆರೆದವನ ಮಾತನ್ನು ನಂಬಿ ಎಷ್ಟು ಮಕ್ಕಳನ್ನು ನಿಲ್ಲಿಸಿದ್ದೇನೋ ಲೆಕ್ಕವಿಲ್ಲ. ಆ ಲೆಕ್ಕವೂ ಈಗ ನನ್ನ ಪ್ರತಿಕ್ರಮಣದಲ್ಲಿ ಸೇರಿದೆ.

ನಮ್ಮ ದರ್ಶನದಲ್ಲಿ ಯಾರೋ ಮೇಲಿನಿಂದ ಪಾಪವನ್ನು ಅಳಿಸಿಕೊಡುವುದಿಲ್ಲ. ದೋಷವನ್ನು ಮುಚ್ಚಿಡದೆ ಹೇಳುವುದು ಆಲೋಚನೆ, ಅದರಿಂದ ಹಿಂತಿರುಗುವುದು ಪ್ರತಿಕ್ರಮಣ, ಮುಂದೆ ಮಾಡೆನೆಂದು ನಿಶ್ಚಯಿಸುವುದು ಪ್ರತ್ಯಾಖ್ಯಾನ. ಈ ಮೂರನ್ನೂ ತಾನೇ ನಡೆಸಬೇಕು. ಕ್ಷಮೆ ಕೇಳಬೇಕಾದವನೇ ಇಲ್ಲದಿರುವಾಗ ಏನು ಮಾಡುವುದೆಂದು ನಾನೂ ಹಂಚಿನ ಕಾರ್ಖಾನೆಯ ಆ ಸಹಪಾಠಿಯೂ ಮಾತನಾಡಿಕೊಂಡೆವು. ಜೂನ್ ತಿಂಗಳ ಒಂದು ಮಧ್ಯಾಹ್ನ ಇಬ್ಬರೂ ಮೃತರ ಮನೆಗೆ ಹೋದೆವು. ಅವರ ಪತ್ನಿ ಅಂಗಳದಲ್ಲಿಯೇ ಇದ್ದರು. ನಾವು ಯಾರೆಂದು ಹೇಳಿಕೊಂಡೆವು. ಕುಳಿತುಕೊಳ್ಳಲು ಹೇಳಿ ಬೆಲ್ಲ ನೀರು ತಂದಿಟ್ಟರು. ನಡೆದುದನ್ನು ಇಬ್ಬರೂ ಒಬ್ಬರಾದ ಮೇಲೆ ಒಬ್ಬರು ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, "ಅವರು ಶಾಲೆಯ ಸುದ್ದಿ ಎತ್ತುತ್ತಲೇ ಇರಲಿಲ್ಲ. ಮಕ್ಕಳು ಕೇಳಿದರೂ ಹೇಳುತ್ತಿರಲಿಲ್ಲ," ಎಂದರು. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, "ಈಗಲಾದರೂ ಬಂದಿರಿ. ಅವರಿದ್ದಾಗ ಬರಬೇಕಿತ್ತು," ಎಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಕೈಮುಗಿದು ಬಂದೆವು.

ತತ್ತ್ವಾರ್ಥಸೂತ್ರವು ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳನ್ನು ಉಪದೇಶಿಸುತ್ತದೆ. ಅವುಗಳಲ್ಲಿ ಮೈತ್ರಿಯು ಸಮಸ್ತ ಜೀವಿಗಳ ಕುರಿತಾದುದು. ಯಾವ ಜೀವಿಗೂ ದುಃಖವಾಗದಿರಲಿ ಎಂಬ ಅಭಿಲಾಷೆಯೇ ಅದರ ಸ್ವರೂಪ. ನನ್ನನ್ನು ನೆನಪಿಟ್ಟವರ ಮೇಲೆ ಮಾತ್ರ ಹರಿಯುವುದು ಮೈತ್ರಿಯಲ್ಲ, ರಾಗ. ಸಂಕದ ಮೇಲೆ ಕೈ ಹಿಡಿದವನ ಮೇಲಿದ್ದ ರಾಗವನ್ನೇ ನಾನು ಐವತ್ತು ವರ್ಷ ಮೈತ್ರಿಯೆಂದು ತಿಳಿದಿದ್ದೆ. ಅಂಗೈಗೆ ಪೆಟ್ಟು ತಿಂದವನ ನೆನಪು ಮಾತ್ರ ನನ್ನಲ್ಲಿ ಉಳಿದಿರಲಿಲ್ಲ.

ಹಳೆಯ ವಿದ್ಯಾರ್ಥಿಗಳ ಸಮ್ಮಿಲನಗಳು ಈಗ ಎಲ್ಲೆಡೆ ನಡೆಯುತ್ತಿವೆ. ನಿಮಗೂ ಆಹ್ವಾನ ಬಂದರೆ ಹೋಗಿ. ಯಾರು ನನ್ನನ್ನು ಗುರುತಿಸಿಯಾರು ಎಂಬ ಲೆಕ್ಕವನ್ನು ಮನೆಯಲ್ಲಿಯೇ ಬಿಟ್ಟು, ನಾನು ಯಾರಿಗೆ ಬಾಕಿಯಿದ್ದೇನೆ ಎಂಬ ಲೆಕ್ಕವನ್ನು ಜೊತೆಗೆ ಒಯ್ಯಿರಿ. ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದ ಬಳಿಕ ಕ್ಷಮಾವಾಣಿಯ ದಿನ ಪರಸ್ಪರ ಕ್ಷಮೆ ಕೇಳುವಾಗ ನಾವು ಬಹುಮಟ್ಟಿಗೆ ಕೇಳುವುದು, ನಮಗೆ ಏನೂ ತಪ್ಪು ಮಾಡದ ನೆಂಟರಿಷ್ಟರನ್ನು. ಕ್ಷಮೆ ಕೇಳಬೇಕಾದವರು ಬೇರೆಲ್ಲೋ ಹಿಂದಿನ ಸಾಲಿನಲ್ಲಿ ಕುಳಿತಿರುತ್ತಾರೆ. ಅವರು ಇರುವಾಗಲೇ ಹೋಗಿಬರುವುದು ಒಳ್ಳೆಯದು.

ಸಮ್ಮಿಲನದ ಗುಂಪುಚಿತ್ರ ನನ್ನ ಮೊಬೈಲಿಗೂ ಬಂದಿದೆ. ಮುಂದಿನ ಸಾಲಿನಲ್ಲಿ ನಾನು ನಿಂತಿದ್ದೇನೆ. ಬಿಳಿ ಅಂಗಿಯ ಆ ಸಹಪಾಠಿ ಅದರಲ್ಲಿ ಎಲ್ಲಿಯೂ ಇಲ್ಲ.